‘ಚಾವೊ’ ಎನ್ನುವ ಮುನ್ನ

ಪರಭಾಷೆಯೊಂದನ್ನು ಕಲಿಯಹೊರಟವರ ಕೈಗೆ ಮೊದಲ ದಿನವೇ ದೊರೆಯುವುದು ವಂದನೆಯ ಮಾತು. ಇಂಗ್ಲಿಷಿಗೆ ‘ಹಲೋ’ ಹೇಗೋ ಇಟಾಲಿಯನ್ ಭಾಷೆಗೆ ‘ಚಾವೊ’ ಹಾಗೆ. ಪುಸ್ತಕದ ಮೊದಲ ಪುಟದಲ್ಲಿ ಅದೇ. ಈಗ ಮೊಬೈಲಿನಲ್ಲಿ ಬರುವ ಪಾಠಗಳ ಆರಂಭದಲ್ಲೂ ಅದೇ. ಬರೆದರೆ ಎರಡೇ ಅಕ್ಷರ. ಲಿಂಗ, ವಚನ, ವಿಭಕ್ತಿಗಳ ಗೋಜು ಅದಕ್ಕಿಲ್ಲ. ಎದುರಾದಾಗಲೂ ಹೇಳಬಹುದು, ಬೀಳ್ಕೊಳ್ಳುವಾಗಲೂ ಹೇಳಬಹುದು. ಇದಕ್ಕಿಂತ ಸುಲಭವಾದ ಮಾತು ಇನ್ನಾವುದಿದ್ದೀತು ಎಂದು ಕಲಿಯುವವರಿಗೆ ಅನ್ನಿಸುವುದು ಸಹಜವೇ.

ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಆ ಮಾತನ್ನು ಉಚ್ಚರಿಸುವುದನ್ನು ಒಂದು ನಿಮಿಷದಲ್ಲಿ ಕಲಿಯಬಹುದು, ನಿಜ. ಆದರೆ ಯಾರಿಗೆ, ಯಾವಾಗ, ಯಾವ ಸಲಿಗೆಯ ಬಲದಿಂದ ಅದನ್ನು ಹೇಳಬೇಕು ಎಂಬುದನ್ನು ಅರಿಯಲು ಬಹುಕಾಲ ಹಿಡಿಯುತ್ತದೆ. ಮರ್ಯಾದೆಯ ಮಾತಿಗೆ ನಿಯಮಗಳುಂಟು, ಸಲಿಗೆಯ ಮಾತಿಗೆ ನಿಯಮವಿಲ್ಲ ಎಂದು ನಾವು ಭಾವಿಸಿಕೊಂಡಿದ್ದೇವೆ. ದಿಟವಾಗಿ ನೋಡಿದರೆ ಸಲಿಗೆಯ ಮಾತಿಗೇ ನಿಯಮಗಳು ಹೆಚ್ಚು. ಯಾರೂ ಅವನ್ನು ಬರೆದಿಟ್ಟಿಲ್ಲ, ಅಷ್ಟೆ. ಆ ನಿಯಮಗಳನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳಿ, ಅವುಗಳಿಂದ ನಾವು ಕಲಿಯಬೇಕಾದದ್ದು ಇಟಾಲಿಯನ್ ಒಂದನ್ನೇ ಅಲ್ಲ ಎಂಬುದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡಬೇಕೆಂದಿದ್ದೇನೆ.

ಸರ್ಕಾರಿ ಕಲಾ ಕಾಲೇಜಿನ ವಿದ್ಯಾರ್ಥಿಗೆ ಇಟಾಲಿಯನ್ ಏತಕ್ಕೆ ಎಂದು ಕೆಲವು ಮಿತ್ರರು ಕೇಳುವುದುಂಟು. ಇತಿಹಾಸ ಓದುವವರಿಗೆ ಈ ಪ್ರಶ್ನೆ ಬರಬೇಕಾದ್ದಿಲ್ಲ. ವಿಜಯನಗರವನ್ನು ಕಂಡು ವರ್ಣಿಸಿದ ನಿಕೊಲೊ ಕೊಂತಿ ವೆನಿಸ್ಸಿನ ವರ್ತಕ. ಅವನು ಬಂದದ್ದು 15ನೆಯ ಶತಮಾನದ ಮೊದಲ ಭಾಗದಲ್ಲಿ. ಇನ್ನೂರು ವರ್ಷಗಳ ಮೇಲೆ, 1623ರಲ್ಲಿ, ರೋಮ್ ನಗರದ ಪಿಯೆತ್ರೊ ದೆಲ್ಲ ವಾಲ್ಲೆ ಎಂಬಾತ ಇಕ್ಕೇರಿಗೆ ಬಂದು, ಕೆಳದಿಯ ವೆಂಕಟಪ್ಪನಾಯಕನ ರಾಜ್ಯವನ್ನು ಕಣ್ಣಾರೆ ಕಂಡು, ನೇಪಲ್ಸಿನಲ್ಲಿದ್ದ ಮಾರಿಯೊ ಸ್ಕಿಪಾನೊ ಎಂಬ ವೈದ್ಯಮಿತ್ರನಿಗೆ ಕಾಗದಗಳನ್ನು ಬರೆದನು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದವರು ಇಟಲಿಯಿಂದ ಬಂದ ಜೆಸ್ವಿಟ್ ಪಾದ್ರಿಗಳು. ಅಲ್ಲಿನ ಪ್ರಾರ್ಥನಾಮಂದಿರದ ಗೋಡೆಗಳಿಗೆ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿಯೂ ಇಟಲಿಯವನೇ. ನಮ್ಮ ನಾಡನ್ನು ನೋಡಿ ತನ್ನ ಗೆಳೆಯನಿಗೆ ಒಬ್ಬನು ಏನೆಂದು ಬರೆದ ಎಂಬುದನ್ನು ಅವನ ಮಾತಿನಲ್ಲೇ ಓದುವ ಆಸೆ ನನಗೆ ಹುಟ್ಟಿದ್ದು ಹೀಗೆ. ಆ ಆಸೆ ಇನ್ನೂ ಪೂರ್ತಿ ಕೈಗೂಡಿಲ್ಲ. ಆದರೆ ಹಾದಿಯಲ್ಲಿ ಸಿಕ್ಕ ಮೊದಲನೆಯ ಮಾತೇ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡಿತು.

‘ಚಾವೊ’ ಎಂಬುದು ವೆನಿಸ್ ಸೀಮೆಯ ಆಡುನುಡಿಯಿಂದ ಬಂದದ್ದು. ಇಟಾಲಿಯನ್ನಿನಲ್ಲಿ ‘ಸ್ಕ್ಯಾವೊ’ ಎಂದರೆ ಗುಲಾಮ. ವೆನಿಸ್ಸಿನವರ ಬಾಯಲ್ಲಿ ಅದು ‘ಸ್ಚಾವೊ’ ಆಗಿತ್ತು. ‘ನಾನು ನಿಮ್ಮ ಗುಲಾಮ’ ಎಂದು ವಿನಯದಿಂದ ಹೇಳುತ್ತಿದ್ದ ವಂದನೆ ಸವೆದು ಸವೆದು ‘ಚಾವೊ’ ಆಗಿ ಉಳಿಯಿತು. ವೆನಿಸ್ಸಿನ ನಾಟಕಕಾರ ಗೊಲ್ದೋನಿಯ (1707–1793) ಪಾತ್ರಗಳು ಗುಲಾಮನೆಂಬ ಈ ಮಾತನ್ನೇ ವಂದನೆಯಾಗಿ ಆಡುತ್ತವೆ. ಆ ಮಾತಿನ ಬೇರನ್ನು ಇನ್ನೂ ಅಗೆದರೆ ಮಧ್ಯಯುಗದ ಲ್ಯಾಟಿನ್ನಿನ ‘ಸ್ಕ್ಲಾವುಸ್’ ಸಿಗುತ್ತದೆ. ಅದು ಸ್ಲಾವ್ ಎಂಬ ಜನಾಂಗದ ಹೆಸರು. ಆ ಜನರನ್ನು ಹಿಡಿದು ಮಾರುತ್ತಿದ್ದುದರಿಂದ ಅವರ ಹೆಸರೇ ಗುಲಾಮ ಎಂಬ ಅರ್ಥಕ್ಕೆ ನಿಂತಿತು. ಆ ವ್ಯಾಪಾರದಲ್ಲಿ ವೆನಿಸ್ಸಿಗೂ ಪಾಲಿತ್ತು. ಹೀಗೆ ಮನುಷ್ಯರನ್ನು ಸರಕಾಗಿ ಮಾರಿದ ಕಾಲದ ಗುರುತೊಂದು ಇಂದು ಲೋಕದ ಅತ್ಯಂತ ಲವಲವಿಕೆಯ ವಂದನೆಯಾಗಿದೆ.

ಇದರಲ್ಲಿ ನಮಗೆ ಅಪರಿಚಿತವಾದದ್ದೇನೂ ಇಲ್ಲ. ನಮ್ಮ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಅಡ್ಡಬಿದ್ದೆ ಬುದ್ಧಿ’ ಎಂಬ ವಂದನೆಯಿತ್ತು. ನನ್ನ ತಾತ ಜಮೀನಿನ ಯಜಮಾನರನ್ನು ಕಂಡಾಗ ಹೇಳುತ್ತಿದ್ದುದು ಅದನ್ನೇ. ಕಾಲಿಗೆ ಬೀಳದಿದ್ದರೂ ಬಿದ್ದೆನೆಂದು ಬಾಯಲ್ಲಿ ಹೇಳಬೇಕು. ಅದಕ್ಕೆ ಯಜಮಾನರು ‘ಅಡ್ಡಬಿದ್ದೆ’ ಎಂದು ಮರುನುಡಿಯುತ್ತಿರಲಿಲ್ಲ. ‘ಹೂಂ, ಏನ್ಲಾ’ ಎನ್ನುತ್ತಿದ್ದರು. ಇದಕ್ಕೆ ಎದುರಾಗಿ ಉತ್ತರದ ಕಡೆ ‘ಶರಣು’ ಎಂದರೆ ‘ಶರಣಾರ್ಥಿ’ ಎಂಬ ಮರುವಂದನೆಯುಂಟು. ಅಲ್ಲಿಯೂ ಮಾತಿನ ಅರ್ಥ ಬಾಗುವುದೇ. ಆದರೆ ಇಬ್ಬರೂ ಬಾಗುತ್ತಾರೆ. ಆದಕಾರಣ ಯಾರೂ ಕೆಳಗಾಗುವುದಿಲ್ಲ. ವೆನಿಸ್ಸಿನ ಮಾತು ಪಯಣಿಸಿದ್ದು ಈ ಎರಡರ ನಡುವಿನ ದಾರಿಯಲ್ಲಿ. ‘ನಾನು ನಿಮ್ಮ ಗುಲಾಮ’ ಎಂದು ಒಬ್ಬನು ಹೇಳಿದ್ದಕ್ಕೆ ‘ನಾನೂ ನಿಮ್ಮ ಗುಲಾಮ’ ಎಂದು ಇನ್ನೊಬ್ಬನು ಹೇಳತೊಡಗಿದ ದಿನ ಆ ಮಾತಿನಿಂದ ಗುಲಾಮತನ ಜಾರಿಹೋಯಿತು; ಗೆಳೆತನ ಉಳಿಯಿತು. ‘ಚಾವೊ’ ಎಂದವನಿಗೆ ‘ಚಾವೊ’ ಎಂದೇ ಉತ್ತರ ಬರಬೇಕು. ಇದು ಅದರ ಮೊದಲನೆಯ ನಿಯಮ. ಬೇರೆಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ಕನ್ನಡದಲ್ಲಿ ನೀನು, ನೀವು, ತಾವು ಎಂಬ ಭೇದವಿರುವಂತೆ ಇಟಾಲಿಯನ್ನಿನಲ್ಲಿ ‘ತು’ ಮತ್ತು ‘ಲೇಯ್’ ಎಂಬ ಭೇದವಿದೆ. ‘ತು’ ನಮ್ಮ ‘ನೀನು’. ‘ಲೇಯ್’ ಎಂಬುದರ ಮೂಲಾರ್ಥ ‘ಅವಳು’. ಎದುರಿಗಿರುವವರು ಗಂಡಸಾದರೂ ಮರ್ಯಾದೆಗೆ ‘ಅವಳು’ ಎನ್ನುವುದು ಕೇಳಿದರೆ ನಗು ಬರಬಹುದು. ಇದರ ಕಾರಣ ಹೀಗಿದೆ: ಹಿಂದೆ ದೊಡ್ಡವರನ್ನು ನೇರವಾಗಿ ಕರೆಯದೆ ‘ತಮ್ಮ ಪ್ರಭುತ್ವವು’ ಎಂದು ಕರೆಯುವ ರೂಢಿಯಿತ್ತು, ಪ್ರಭುತ್ವ ಎಂಬ ಆ ಪದ ಅವರ ಭಾಷೆಯಲ್ಲಿ ಸ್ತ್ರೀಲಿಂಗ, ಆದ್ದರಿಂದ ಅದಕ್ಕೆ ಬದಲಾಗಿ ನಿಲ್ಲುವ ಸರ್ವನಾಮವೂ ಸ್ತ್ರೀಲಿಂಗ. ನಾವು ‘ಸನ್ನಿಧಾನವು ಚಿತ್ತೈಸಬೇಕು’ ಎಂದು ಮಠಾಧಿಪತಿಗಳಿಗೆ ನಪುಂಸಕಲಿಂಗದಲ್ಲಿ ಬಿನ್ನವಿಸುವುದಿಲ್ಲವೆ? ಅದೇ ಬಗೆ.

‘ಲೇಯ್’ ಬಳಕೆಗೆ ಬರುವ ಮುನ್ನ ಮರ್ಯಾದೆಗೆ ‘ವೋಯ್’, ಅಂದರೆ ಬಹುವಚನದ ‘ನೀವು’ ಇತ್ತು. ಮಹಾಕವಿ ದಾಂತೆ ತನ್ನ ಕಾವ್ಯದಲ್ಲಿ ನರಕದವರನ್ನು ಸಾಮಾನ್ಯವಾಗಿ ಏಕವಚನದಲ್ಲೇ ಮಾತನಾಡಿಸುತ್ತಾನೆ. ಆದರೆ ತನಗೆ ವಿದ್ಯೆ ಕಲಿಸಿದ ಬ್ರುನೆತ್ತೊ ಲತೀನಿ ಅಲ್ಲಿ ಬೆಂಕಿಯ ಮಳೆಯಲ್ಲಿ ಬೇಯುತ್ತಿರುವುದನ್ನು ಕಂಡಾಗ ‘ವೋಯ್’ ಎಂದೇ ಕರೆಯುತ್ತಾನೆ. ನರಕದಲ್ಲಿಯೂ ಗುರುವು ಗುರುವೇ ಎಂಬುದನ್ನು ಒಂದು ಸರ್ವನಾಮ ಹೇಳಿಬಿಡುತ್ತದೆ.

ಸರ್ವನಾಮಗಳ ಮೇಲೆ ಸರ್ಕಾರದ ಕಣ್ಣು ಬಿದ್ದ ಕಾಲವೂ ಇಟಲಿಯಲ್ಲಿ ಇತ್ತು. 1938ರಲ್ಲಿ ಮುಸ್ಸೊಲಿನಿಯ ಫ್ಯಾಸಿಸ್ಟ್ ಆಡಳಿತವು ‘ಲೇಯ್’ ಪರದೇಶಿ ವಾಸನೆಯದು, ದಾಸ್ಯದ ಗುರುತು ಎಂದು ಸಾರಿ, ಅದನ್ನು ಬಿಟ್ಟು ‘ತು’ ಮತ್ತು ‘ವೋಯ್’ಗಳನ್ನೇ ಬಳಸಬೇಕೆಂದು ವಿಧಿಸಿತು. ‘ಲೇಯ್’ ಎಂಬ ಹೆಸರಿನ ಮಹಿಳಾ ಪತ್ರಿಕೆಯೊಂದಿತ್ತು. ಅಲ್ಲಿ ಆ ಪದಕ್ಕೆ ‘ಅವಳು’ ಎಂದಷ್ಟೇ ಅರ್ಥವಿದ್ದರೂ ಪತ್ರಿಕೆ ತನ್ನ ಹೆಸರನ್ನು ‘ಅನ್ನಬೆಲ್ಲ’ ಎಂದು ಬದಲಿಸಿಕೊಳ್ಳಬೇಕಾಯಿತು. 1943ರಲ್ಲಿ ಆ ಆಡಳಿತ ಉರುಳಿತು; ಜನ ಮತ್ತೆ ‘ಲೇಯ್’ ಎನ್ನತೊಡಗಿದರು. ದಕ್ಷಿಣದ ಪ್ರಾಂತ್ಯಗಳಲ್ಲಿ ಹಿರಿಯರಿಗೆ ‘ವೋಯ್’ ಎನ್ನುವ ಹಳೆಯ ರೂಢಿ ಇಂದಿಗೂ ಅಲ್ಲಲ್ಲಿ ಇದೆ. ಅದಕ್ಕೂ ಮುಸ್ಸೊಲಿನಿಗೂ ಸಂಬಂಧವಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಹೇಗೆ ಕರೆಯಬೇಕೆಂಬುದು ಆಜ್ಞೆಯಿಂದ ಆಗುವ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈಗ ನಿಯಮಗಳಿಗೆ ಬರೋಣ. ‘ಚಾವೊ’ ಎಂಬುದು ‘ತು’ ಎನ್ನಬಹುದಾದವರಿಗೆ ಮಾತ್ರ. ಮನೆಯವರು, ಗೆಳೆಯರು, ಮಕ್ಕಳು, ಸಹಪಾಠಿಗಳು ಈ ಸಾಲಿಗೆ ಸೇರುತ್ತಾರೆ. ಅಲ್ಲಿನ ವಿದ್ಯಾರ್ಥಿಗಳು ಪರಿಚಯವಿಲ್ಲದ ಇನ್ನೊಬ್ಬ ವಿದ್ಯಾರ್ಥಿಗೂ ‘ತು’ ಎನ್ನುತ್ತಾರೆ. ಅದು ತಪ್ಪಲ್ಲ, ‘ಲೇಯ್’ ಎಂದರೆ ಅದೇ ಬಿಗುಮಾನವಾದೀತು. ಇಂದಿನ ಮಕ್ಕಳು ತಂದೆತಾಯಿಗಳಿಗೂ ‘ತು’ ಎನ್ನುತ್ತಾರೆ. ದೇವರಿಗೂ ‘ತು’ವೇ, ಈ ಒಂದು ವಿಷಯದಲ್ಲಿ ನಾವೂ ಅವರೂ ಒಂದೇ. ಆದರೆ ಅಂಗಡಿಯವರು, ಅಧಿಕಾರಿಗಳು, ವೈದ್ಯರು, ಅಧ್ಯಾಪಕರು, ಪರಿಚಯವಿಲ್ಲದ ವಯಸ್ಕರು, ಇವರಿಗೆ ‘ಚಾವೊ’ ಸಲ್ಲದು. ಇವರಿಗೆ ಹಗಲಿನಲ್ಲಿ ‘ಬ್ವೊನ್‌ಜೋರ್ನೊ’, ಹೊತ್ತು ಇಳಿದ ಮೇಲೆ ‘ಬ್ವೊನಸೇರ’. ಹಗಲು ಎಲ್ಲಿ ಮುಗಿಯುತ್ತದೆ ಎಂಬುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಕೆಲವೆಡೆ ಮಧ್ಯಾಹ್ನದ ಊಟ ಮುಗಿದೊಡನೆ ಸಂಜೆಯ ವಂದನೆ ಶುರುವಾಗುತ್ತದೆ. ‘ಬ್ವೊನನೊತ್ತೆ’ ಎಂಬುದು ಶುಭರಾತ್ರಿ. ಅದನ್ನು ರಾತ್ರಿ ಎದುರಾದಾಗ ಹೇಳುವಂತಿಲ್ಲ. ಮಲಗಹೋಗುವಾಗ, ರಾತ್ರಿ ಬೀಳ್ಕೊಳ್ಳುವಾಗ ಮಾತ್ರ ಹೇಳಬೇಕು.

ಇವೆರಡರ ನಡುವೆ ‘ಸಾಲ್ವೆ’ ಎಂಬುದೊಂದಿದೆ. ಲ್ಯಾಟಿನ್ನಿನಿಂದ ಬಂದ ಈ ಮಾತಿಗೆ ‘ಕ್ಷೇಮವಾಗಿರಿ’ ಎಂಬ ಅರ್ಥ. ‘ತು’ ಎನ್ನಬೇಕೋ ‘ಲೇಯ್’ ಎನ್ನಬೇಕೋ ತೋಚದಿದ್ದಾಗ ಇದು ಕೈಹಿಡಿಯುತ್ತದೆ. ಆದರೂ ಅಧ್ಯಾಪಕರಿಗೆ ಬರೆಯುವ ಕಾಗದವನ್ನು ‘ಸಾಲ್ವೆ’ ಎಂದು ಆರಂಭಿಸಿದರೆ ಮುಖ ಸಿಂಡರಿಸುವವರು ಅಲ್ಲಿಯೂ ಇದ್ದಾರೆ. ಫ್ಲಾರೆನ್ಸಿನಲ್ಲಿರುವ ಕ್ರೂಸ್ಕ ಅಕಾಡೆಮಿ 16ನೆಯ ಶತಮಾನದಿಂದ ಅವರ ಭಾಷೆಯ ಕಾವಲಿಗಿರುವ ಸಂಸ್ಥೆ. ಜನಸಾಮಾನ್ಯರು ಕೇಳುವ ಭಾಷೆಯ ಸಂದೇಹಗಳಿಗೆ ಅದು ಇಂದಿಗೂ ಉತ್ತರ ಕೊಡುತ್ತದೆ. ವಂದನೆಯ ಮಾತುಗಳೂ ಆ ಸಂದೇಹಗಳಲ್ಲಿ ಸೇರಿವೆ. ಮಾತೃಭಾಷೆಯವರಿಗೇ ಅನುಮಾನಗಳಿರುವಾಗ ನಮಗಿರುವುದು ನಾಚಿಕೆಯ ವಿಷಯವಲ್ಲ.

ವಂದನೆಯ ಜತೆಗೆ ಕ್ಷೇಮಸಮಾಚಾರ ಬರುತ್ತದೆ. ಗೆಳೆಯನಿಗೆ ‘ಕೋಮೆ ಸ್ತಾಯ್?’, ಹಿರಿಯರಿಗೆ ‘ಕೋಮೆ ಸ್ತಾ?’. ಒಂದು ಯಕಾರ ಬಿಟ್ಟರೆ ‘ಹೇಗಿದ್ದೀ’ ಎಂಬುದು ‘ಹೇಗಿದ್ದೀರಿ’ ಆಗುತ್ತದೆ. ಕಲಿಯುವವರು ಎಡವುವುದು ಇಲ್ಲಿಯೇ: ಬಾಯಿಗೆ ಬಂದ ‘ಚಾವೊ’ ಮೊದಲು ಹೇಳಿ, ಆಮೇಲೆ ಪುಸ್ತಕದ ‘ಕೋಮೆ ಸ್ತಾ?’ ಸೇರಿಸುತ್ತಾರೆ. ‘ಏನೋ, ತಾವು ಕ್ಷೇಮವೆ?’ ಎಂದಂತೆ ಕೇಳಿಸುತ್ತದೆ ಅದು. ವಂದನೆಯೂ ಕ್ರಿಯಾಪದವೂ ಒಂದೇ ಮೆಟ್ಟಿಲ ಮೇಲೆ ನಿಲ್ಲಬೇಕು. ಸಂದೇಹವಿದ್ದರೆ ‘ಕೋಮೆ ವಾ?’ ಎಂದರಾಯಿತು, ‘ಹೇಗೆ ನಡೆದಿದೆ?’ ಎಂಬ ಆ ಪ್ರಶ್ನೆಯಲ್ಲಿ ನೀನೂ ಇಲ್ಲ, ನೀವೂ ಇಲ್ಲ. ನಮ್ಮಲ್ಲಿ ಸಲಿಗೆಯ ವಂದನೆಯೆಂದರೆ ‘ಊಟ ಆಯ್ತಾ?’, ‘ಎಲ್ಲಿಗೆ ಹೊರಟ್ರಿ?’ ಎಂಬ ಪ್ರಶ್ನೆಗಳು. ಇವನ್ನು ಅವರ ಭಾಷೆಗೆ ಹಾಗೆಯೇ ಇಳಿಸಿದರೆ ಕೇಳಿದವರು ನಿಜವಾಗಿ ಊಟದ ಲೆಕ್ಕ ಒಪ್ಪಿಸಿಯಾರು, ಇಲ್ಲವೆ ಊಟಕ್ಕೆ ಕರೆಯುತ್ತಿದ್ದೇವೆಂದು ತಿಳಿದಾರು.

ಬೀಳ್ಕೊಳ್ಳುವಾಗ ಗೆಳೆಯರಲ್ಲಿ ‘ಚಾವೊ’ ಜತೆಗೆ ‘ಆ ದೊಮಾನಿ’ (ನಾಳೆ ಸಿಗೋಣ), ‘ಆ ಪ್ರೆಸ್ತೊ’ (ಬೇಗ ಸಿಗೋಣ), ‘ಚಿ ವೆದ್ಯಾಮೊ’ (ಮತ್ತೆ ನೋಡೋಣ) ಎಂಬ ಮಾತುಗಳಿವೆ. ಎಲ್ಲರಿಗೂ ಸಲ್ಲುವುದು ‘ಅರ್ರಿವೆದೇರ್ಚಿ’. ಬಹಳ ಮರ್ಯಾದೆ ಬೇಕಾದಲ್ಲಿ ‘ಅರ್ರಿವೆದೇರ್ಲ’. ಮತ್ತೆ ಕಾಣುವ ತನಕ ಎಂಬುದು ಅದರ ಭಾವ. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ‘ಅದ್ದೀಯೊ’ ಎಂಬುದನ್ನು ಮಾತ್ರ ಕಲಿಯುವವರು ದೂರವಿಡುವುದು ಲೇಸು. ‘ದೇವರಿಗೊಪ್ಪಿಸಿದೆ’ ಎಂಬಂಥ ಆ ಮಾತು ಇಂದು ಬಹುಮಟ್ಟಿಗೆ ಕಡೆಯ ಅಗಲಿಕೆಗೆ ಮೀಸಲಾಗಿದೆ. ನಮ್ಮ ನಗರಗಳ ತರುಣರು ಹೊರಡುವಾಗ ಮಾತ್ರ ‘ಚಾವೊ’ ಎನ್ನುವುದನ್ನು ಕೇಳಿದ್ದೇನೆ. ಅದು ಅರ್ಧ ಬಳಕೆ. ಅದರ ತವರಿನಲ್ಲಿ ಅದು ಬಾಗಿಲಿನ ಎರಡೂ ಕಡೆಯ ಮಾತು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ನಾವು ಇಟಾಲಿಯನ್ನನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಅದರಿಂದ ನಷ್ಟವೇ ಹೆಚ್ಚು. ಅವರ ತಕಾರ ದಕಾರಗಳು ನಮ್ಮ ತ, ದಗಳಿಗೆ ಹತ್ತಿರ. ಇಂಗ್ಲಿಷಿನ ದಾರಿಯಲ್ಲಿ ಬಂದರೆ ಅವು ಟ, ಡಗಳಾಗುತ್ತವೆ. ಕೊಂತಿ ನಮ್ಮ ಪಠ್ಯಪುಸ್ತಕಗಳಲ್ಲಿ ‘ಕೋಂಟಿ’ ಆಗಿರುವುದು ಹೀಗೆಯೇ. ಒತ್ತಕ್ಷರದ ಬೆಲೆಯನ್ನು ಇಂಗ್ಲಿಷ್ ಬಲ್ಲದು ಎನ್ನುವಂತಿಲ್ಲ, ಕನ್ನಡ ಬಲ್ಲದು. ‘ಕತೆ’ಗೂ ‘ಕತ್ತೆ’ಗೂ ಇರುವ ಅಂತರ ನಮ್ಮ ಮಕ್ಕಳಿಗೂ ಗೊತ್ತು. ಇಟಾಲಿಯನ್ನಿನಲ್ಲಿ ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಆದ್ದರಿಂದ ಈ ವಂದನೆಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯಿರಿ ಎಂದು ನಾನು ಹೇಳುತ್ತೇನೆ. ‘ನೊತ್ತೆ’ಯ ಒತ್ತು, ‘ಅರ್ರಿವೆದೇರ್ಚಿ’ಯ ರಕಾರದ ಒತ್ತು ನಮ್ಮ ನಾಲಗೆಗೆ ಪಿತ್ರಾರ್ಜಿತವಾಗಿ ಬಂದಿವೆ. ‘ಚಾವೊ’ ಪದದ ರೋಮನ್ ಬರಹದಲ್ಲಿ ‘ಐ’ ಎಂಬ ಅಕ್ಷರ ಕಾಣುವುದರಿಂದ ‘ಸಿಯಾವೊ’ ಎಂದು ಓದುವವರಿದ್ದಾರೆ. ಅಲ್ಲಿ ಅದಕ್ಕೆ ಪ್ರತ್ಯೇಕ ದನಿಯಿಲ್ಲ, ಮೊದಲಕ್ಷರವನ್ನು ಚಕಾರ ಮಾಡುವುದಷ್ಟೇ ಅದರ ಕೆಲಸ.

‘ಲೇಯ್’ನಿಂದ ‘ತು’ಗೆ ಇಳಿಯುವುದು ಹೇಗೆ? ಅದಕ್ಕೂ ಒಂದು ಕ್ರಮವುಂಟು. ‘ದ್ಯಾಮೊಚಿ ದೆಲ್ ತು’ ಎನ್ನುತ್ತಾರೆ. ಒಬ್ಬರಿಗೊಬ್ಬರು ‘ತು’ ಕೊಟ್ಟುಕೊಳ್ಳೋಣ ಎಂದು ಅದರರ್ಥ. ಹೀಗೆ ಮೊದಲು ಹೇಳುವ ಹಕ್ಕು ಸಾಮಾನ್ಯವಾಗಿ ವಯಸ್ಸಿನಲ್ಲಿ ಅಥವಾ ಸ್ಥಾನದಲ್ಲಿ ಹಿರಿಯರಾದವರದು. ಕಿರಿಯರು ಕಾಯಬೇಕು. ಆದರೆ ಒಮ್ಮೆ ಕೊಟ್ಟ ಮೇಲೆ ಅದನ್ನು ಒಪ್ಪಿಕೊಂಡು ಹಿಂದಿರುಗಿಸದೆ ‘ಲೇಯ್’ ಎನ್ನುತ್ತಲೇ ಇದ್ದರೆ ಅದೂ ಸರಿಯಲ್ಲ; ಚಾಚಿದ ಕೈಯನ್ನು ಹಿಡಿಯದೆ ಬಿಟ್ಟಂತಾಗುತ್ತದೆ. ಈ ವಾಕ್ಯದ ‘ಒಬ್ಬರಿಗೊಬ್ಬರು’ ಎಂಬ ಮಾತಿನ ಕಡೆಗೆ ಓದುಗರು ದಯವಿಟ್ಟು ಗಮನ ಕೊಡಬೇಕು. ‘ನಾನು ನಿನಗೆ ತು ಎನ್ನುತ್ತೇನೆ, ನೀನು ನನಗೆ ಲೇಯ್ ಎನ್ನು’ ಎಂಬ ಒಪ್ಪಂದ ಈ ಮಾತಿನಲ್ಲಿಲ್ಲ. ಶಾಲೆಯಲ್ಲಿ ಅಧ್ಯಾಪಕರು ಹುಡುಗರಿಗೆ ‘ತು’ ಎಂದು, ಹುಡುಗರು ಅವರಿಗೆ ‘ಲೇಯ್’ ಎನ್ನುವುದು ಅಲ್ಲಿಯೂ ಉಂಟು. ಆದರೆ ವಿಶ್ವವಿದ್ಯಾನಿಲಯಕ್ಕೆ ಬಂದ ವಿದ್ಯಾರ್ಥಿಯನ್ನು ಅಧ್ಯಾಪಕರು ಸಾಮಾನ್ಯವಾಗಿ ‘ಲೇಯ್’ ಎಂದೇ ಕರೆಯುತ್ತಾರೆ. ಪದವಿ ಮುಗಿಸಿದವರಿಗೆ, ಅದು ಮೂರು ವರ್ಷದ ಪದವಿಯಾದರೂ, ‘ದೊತ್ತೋರೆ’ ಎಂಬ ಬಿರುದು ಸಲ್ಲುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇದನ್ನು ಓದಿದಾಗ ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು.

ಇಷ್ಟೆಲ್ಲ ಏತಕ್ಕೆ, ಪರದೇಶದವರು ತಪ್ಪಾಡಿದರೆ ಇಟಲಿಯವರು ನಕ್ಕು ಸುಮ್ಮನಾಗುತ್ತಾರಲ್ಲ ಎಂದು ಕೆಲವರು ಹೇಳಬಹುದು. ನಿಜ, ಕ್ಷಮಿಸುತ್ತಾರೆ. ಆದರೆ ನಾವು ಹಾಗೆ ಕ್ಷಮಿಸುವುದು ಮಕ್ಕಳನ್ನು ಮತ್ತು ಎರಡು ದಿನದ ಅತಿಥಿಗಳನ್ನು. ಒಂದು ಭಾಷೆಯವರ ನಡುವೆ ವಯಸ್ಕನಾಗಿ, ಸಮಾನನಾಗಿ ನಿಲ್ಲಬೇಕೆಂಬ ಆಸೆಯುಳ್ಳವನು ಆ ಕ್ಷಮೆಯನ್ನೇ ನೆಚ್ಚಿಕೊಂಡಿರಲಾಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ನೀನು, ನೀವು ಎಂಬ ಭೇದವೇ ಪಾಳೆಯಗಾರಿಕೆಯ ಕಾಲದ್ದು. ಎಲ್ಲರೂ ಎಲ್ಲರಿಗೂ ‘ಚಾವೊ’ ಎಂದುಬಿಟ್ಟರೆ ಸಮಾನತೆ ಬರುವುದಿಲ್ಲವೆ ಎಂಬುದು ಆ ಆಕ್ಷೇಪ. ಈ ವಾದದಲ್ಲಿ ತರುಣರಿಗೆ ಆಕರ್ಷಣೆಯಿದೆ, ನನಗೂ ಇತ್ತು. ಆದರೆ ಏಕವಚನದ ರುಚಿ ಕಂಡ ಮನೆಯಿಂದ ಬಂದವರಿಗೆ ಈ ವಾದ ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ನನ್ನ ತಂದೆಗೆ ಐವತ್ತು ದಾಟಿದೆ. ಯಾವುದಾದರೂ ಕಚೇರಿಯ ಮುಂದೆ ನಿಂತರೆ, ಮಗನ ವಯಸ್ಸಿನವರು ತಲೆಯೆತ್ತದೆ ‘ಏನಯ್ಯ, ಯಾತಕ್ಕೆ ಬಂದೆ?’ ಎನ್ನುತ್ತಾರೆ. ‘ಪಹಣಿ ಬೇಕಾಗಿತ್ತು ಸ್ವಾಮಿ’ ಎಂದು ತಂದೆ ಕೈಕಟ್ಟಿ ಹೇಳುತ್ತಾರೆ. ಅದೇ ಮೇಜಿನ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನು ನಿಂತರೆ ‘ಏನು ಬೇಕಿತ್ತು ಹೇಳಿ’ ಎಂದು ಬಹುವಚನ ಬರುತ್ತದೆ. ಮೂರು ವರ್ಷದ ಓದು ನನಗೆ ಕೊಟ್ಟ ‘ನೀವು’ ಮೂವತ್ತು ವರ್ಷದ ದುಡಿಮೆ ನನ್ನ ತಂದೆಗೆ ಕೊಡಲಿಲ್ಲ. ಅಲ್ಲಿ ಆ ಅಧಿಕಾರಿ ತನಗೂ ನನ್ನ ತಂದೆ ‘ಏನಯ್ಯ’ ಎನ್ನಬಹುದೆಂದು ಒಪ್ಪುವನಾದರೆ ನನ್ನ ತಕರಾರಿಲ್ಲ. ಒಪ್ಪುವುದಿಲ್ಲವಷ್ಟೆ. ಆದ್ದರಿಂದ ದೋಷ ಏಕವಚನದಲ್ಲಿಲ್ಲ, ಅದು ಒಂದೇ ಕಡೆಗೆ ಹರಿಯುವುದರಲ್ಲಿದೆ.

ಇಟಲಿಯೂ ಈ ದೋಷದಿಂದ ಮುಕ್ತವಾಗಿಲ್ಲ. ಹೊರದೇಶಗಳಿಂದ ಹೋಗಿ ಅಲ್ಲಿ ದುಡಿಯುವ ಜನ ಬಹಳ. ಪೋ ನದಿಯ ಬಯಲಿನ ಹಸುಗಳ ಕೊಟ್ಟಿಗೆಗಳಲ್ಲಿ ಹಾಲು ಕರೆಯುವವರಲ್ಲಿ, ರೋಮಿನ ದಕ್ಷಿಣಕ್ಕಿರುವ ಲತೀನ ಪ್ರಾಂತ್ಯದ ತರಕಾರಿ ಹೊಲಗಳಲ್ಲಿ ಕೂಲಿ ಮಾಡುವವರಲ್ಲಿ ನಮ್ಮ ಪಂಜಾಬಿನವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮೈಬಣ್ಣ ನೋಡಿ, ಕೇಳದೆ ಕೊಡದೆ ‘ತು’ ಎಂದುಬಿಡುವುದು, ಅದೇ ವ್ಯಕ್ತಿಯಿಂದ ‘ಲೇಯ್’ ನಿರೀಕ್ಷಿಸುವುದು ಅಲ್ಲಿ ನಡೆಯುತ್ತದೆ. ಇದು ಸಲ್ಲದೆಂದು ಇಟಲಿಯವರೇ ಆಕ್ಷೇಪಿಸುತ್ತಾರೆ. ಅಂಥ ಕೂಲಿಕಾರನೊಬ್ಬನು ಮರುಮಾತಿನಲ್ಲಿ ಸ್ವಚ್ಛವಾಗಿ, ಸಮಾಧಾನವಾಗಿ ‘ಬ್ವೊನ್‌ಜೋರ್ನೊ’ ಎಂದು ‘ಲೇಯ್’ ಬಳಸಿದರೆ, ‘ನನಗೂ ಇದೇ ಸಲ್ಲಬೇಕು’ ಎಂದು ಹೇಳದೆಯೇ ಹೇಳಿದಂತಾಗುತ್ತದೆ. ವಂದನೆಯ ವ್ಯಾಕರಣ ತಿಳಿದವನಿಗೆ ಮಾತ್ರ ಈ ಬಲ ಬರುತ್ತದೆ. ಯಾವ ಮಾತು ಯಾರಿಗೆ ಸಲ್ಲುತ್ತದೆ ಎಂದು ಅರಿಯದವನಿಗೆ ತನಗೆ ಅವಮಾನವಾಯಿತೆಂಬುದೂ ತಿಳಿಯುವುದಿಲ್ಲ; ಸ್ನೇಹದಿಂದ ‘ತು’ ಎಂದವರನ್ನು ಗುರುತಿಸುವುದೂ ಆಗುವುದಿಲ್ಲ.

ಆದ್ದರಿಂದ ಇಟಾಲಿಯನ್ ಕಲಿಯುವವರಿಗೆ ನನ್ನ ಸಲಹೆ ಇಷ್ಟೆ. ಮೊದಲು ‘ಬ್ವೊನ್‌ಜೋರ್ನೊ’ವನ್ನೂ ‘ಲೇಯ್’ಯನ್ನೂ ರೂಢಿಸಿಕೊಳ್ಳಿ. ‘ಚಾವೊ’ವನ್ನು ಓರಗೆಯವರಿಗೆ, ಮಕ್ಕಳಿಗೆ ಇಟ್ಟುಕೊಳ್ಳಿ. ಉಳಿದವರಲ್ಲಿ ಅವರಾಗಿ ಕೊಡುವವರೆಗೆ ಕಾಯಿರಿ. ಕೊಟ್ಟಾಗ ಸಂಕೋಚಪಡದೆ ಹಿಂದಿರುಗಿಸಿ. ಪಾಠ ಹೇಳುವವರಿಗೂ ಒಂದು ಬಿನ್ನಹ: ಮೊದಲ ದಿನ ಒಂಟಿ ಪದವನ್ನು ಕಲಿಸಬೇಡಿ; ಇಬ್ಬರು ಮನುಷ್ಯರನ್ನು ಎದುರುಬದುರು ನಿಲ್ಲಿಸಿ, ಅವರು ಯಾರು ಯಾರು ಎಂದು ಹೇಳಿ, ಆಮೇಲೆ ಅವರಿಗೆ ತಕ್ಕ ವಂದನೆಯನ್ನು ಕಲಿಸಿ.

ಕಡೆಯದಾಗಿ, ಇಟಲಿ ದೂರದಲ್ಲಿದೆ. ನಮ್ಮಲ್ಲಿ ಬಹುಮಂದಿ ಅದನ್ನು ನೋಡದೆಯೂ ಇರಬಹುದು. ಆದರೆ ಈ ಕಾಲೇಜಿನ ಆವರಣದಲ್ಲಿ ನಮ್ಮ ತಂದೆತಾಯಿಗಳ ವಯಸ್ಸಿನ ಜವಾನರಿದ್ದಾರೆ, ಕಸ ಗುಡಿಸುವ ಅಮ್ಮಂದಿರಿದ್ದಾರೆ, ಹಾಸ್ಟೆಲಿನಲ್ಲಿ ಅಡುಗೆಯವರಿದ್ದಾರೆ. ಇವರನ್ನು ಹೆಸರು ಹಿಡಿದು ‘ಬಾರೋ’, ‘ಹೋಗೇ’ ಎನ್ನುವ ಇಪ್ಪತ್ತು ವರ್ಷದ ದನಿಗಳನ್ನು ನಾವು ದಿನವೂ ಕೇಳುತ್ತೇವೆ. ಅವರು ನಮಗೆ ಹಿಂದಿರುಗಿಸುವುದು ‘ಸಾರ್’, ‘ಮೇಡಂ’. ಗುಲಾಮ ಎಂಬ ಮಾತನ್ನು ವೆನಿಸ್ಸಿನ ಜನ ಇಬ್ಬರೂ ಆಡಿ ಆಡಿ ಸ್ನೇಹದ ಮಾತಾಗಿ ಮಾಡಿಕೊಂಡರು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ‘ಅಣ್ಣ, ಬನ್ನಿ’, ‘ಅಮ್ಮ, ಊಟ ಆಯ್ತಾ?’ ಎಂಬ ಮಾತುಗಳು ನಮ್ಮ ಬಾಯಲ್ಲಿಯೇ ಇವೆ. ಅವುಗಳಿಗೆ ನಿಘಂಟೂ ಬೇಡ, ಪಾಠವೂ ಬೇಡ. ಪದವಿಪತ್ರ ಕೈಗೆ ಬರುವ ಮುನ್ನ ಇಷ್ಟನ್ನು ನಾವು ರೂಢಿಸಿಕೊಂಡರೆ ಮೂರು ವರ್ಷದ ಓದು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ. ಹಿರಿಯರು ಇದರಲ್ಲಿ ಅಧಿಕಪ್ರಸಂಗವೇನಾದರೂ ಕಂಡರೆ ತಿದ್ದಬೇಕಾಗಿ ವಿನಂತಿ.